ಹಿಂದಿನ ಪಾಳಿ

“ಗುರುಗಳೇ, ಇಷ್ಟು ಜನರಲ್ಲಿ ಒಬ್ಬನೇ ಎಲ್ಲರ ನೆಮ್ಮದಿ ಕೆಡಿಸುತ್ತಿದ್ದರೆ ಅವನನ್ನು ಹೊರಗೆ ಕಳಿಸುವುದು ತಪ್ಪೇ?” ಎಂದು ಶಿಷ್ಯ ಗುರುಪಾದ ಕೇಳಿದ.

ಅವನು ಕೇಳಿದ್ದು ಚನ್ನವೀರನ ವಿಷಯ. ಮಠದ ಅಡುಗೆಮನೆಯಲ್ಲಿ ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಕೆಲಸ ಮಾಡುತ್ತಾರೆ. ಯಾವ ಪಾಳಿ ಯಾರಿಗೆ ಎಂದು ದಿನವೂ ಚೀಟಿ ಎತ್ತುವುದು ಅಲ್ಲಿಯ ರೂಢಿ. ಚನ್ನವೀರ ಕೆಲವು ಸಂಜೆ ತನ್ನ ಪಾಡಿಗೆ ಅಡುಗೆ ಮಾಡುತ್ತಾನೆ. ಕೆಲವು ಸಂಜೆ ಒಳಗೆ ಕಾಲಿಟ್ಟ ಕೂಡಲೇ ಕೂಗಾಡಿ ಸೌಟು ಎಸೆಯುತ್ತಾನೆ. ಮಠ ಬಿಟ್ಟರೆ ಅವನಿಗೆ ಬೇರೆ ದಿಕ್ಕಿಲ್ಲ.

“ಯಾವ ಸಂಜೆ ಕೂಗಾಡುತ್ತಾನೆ?” ಎಂದರು ಗುರುಗಳು.

“ಅದನ್ನೆಲ್ಲ ಯಾರು ನೋಡುತ್ತಾರೆ? ಇವತ್ತೂ ಸಂಜೆ ಅವನದೇ ಪಾಳಿ. ಅಷ್ಟರೊಳಗೆ ನೀವೊಂದು ತೀರ್ಮಾನ ಹೇಳಬೇಕೆಂದು ನನ್ನ ಬೆಳಗಿನ ಪಾಳಿ ಮುಗಿದದ್ದೇ ಓಡಿಬಂದೆ.”

“ಕೂತುಕೋ. ಕಂಪ್ಯೂಟರ್ ಕೆಲಸದವರು ಇಲ್ಲಿಗೆ ಬಂದು ಗೋಳು ಹೇಳಿಕೊಳ್ಳುವುದನ್ನು ಕೇಳಿ ಕೇಳಿ ನನಗೂ ಆ ಗಾಳಿ ಸೋಕಿದೆ. ಅವರದೇ ಒಂದು ಕತೆ ಹೇಳುತ್ತೇನೆ.”

ಒಬ್ಬ ಪ್ರೋಗ್ರಾಮರ್ ಇದ್ದ. ಒಂದು ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಸಣ್ಣ ಆಸ್ಪತ್ರೆಗಳು ಅದನ್ನು ರಕ್ತನಿಧಿಗೆ ಇಟ್ಟುಕೊಂಡಿದ್ದವು. ಯಾವ ಚೀಲದ ರಕ್ತ ಕೊಡಬಹುದು, ಯಾವುದರ ಅವಧಿ ಮುಗಿದಿದೆ ಎಂದು ಅದು ಹೇಳುತ್ತಿತ್ತು. ಹಳೆಯ ಆವೃತ್ತಿ ನಡುನಡುವೆ ನಿಂತುಹೋಗುತ್ತಿದ್ದುದರಿಂದ ಹೊಸದು ಯಾವಾಗ ಬರುತ್ತದೆ ಎಂದು ಆಸ್ಪತ್ರೆಗಳು ಕಾಯುತ್ತಿದ್ದವು.

ಹೊಸದನ್ನು ಹೊರಗೆ ಬಿಡುವ ಮೊದಲು ಅದು ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಬೇಕು. ಒಂದು ಫೇಲಾದರೂ ಬಿಡುವಂತಿಲ್ಲ. ಒಂದೊಂದು ಪರೀಕ್ಷೆಯೂ ತಂತ್ರಾಂಶಕ್ಕೆ ಒಂದು ಪ್ರಶ್ನೆ ಕೇಳುತ್ತದೆ. ಇಸ್ಪೀಟು ಕಲಸಿದ ಹಾಗೆ ಅವುಗಳ ಸರದಿಯನ್ನು ಪ್ರತಿಸಲವೂ ಕಲಸುತ್ತಾರೆ. ಅದು ಅವರ ರೂಢಿ.

ಆಗ ಒಂದು ಪರೀಕ್ಷೆ ಕೈಕೊಡತೊಡಗಿತು. ಅವಧಿ ಮುಗಿದ ರಕ್ತವನ್ನು ತಂತ್ರಾಂಶ ಬೇಡವೆನ್ನುತ್ತದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಅದು. ಒಮ್ಮೆ ಪಾಸು, ಒಮ್ಮೆ ಫೇಲು. ಅದೊಂದನ್ನೇ ಓಡಿಸಿದರೆ ಯಾವಾಗಲೂ ಪಾಸು. ಪ್ರೋಗ್ರಾಮರ್ ಅದರ ಸಾಲು ಸಾಲನ್ನೂ ತಡಕಿದ. ಏನೂ ಸಿಗಲಿಲ್ಲ. ಅವನಿಗೆ ಭಯವಾಯಿತು. ತಡಮಾಡಿದರೆ ಆಸ್ಪತ್ರೆಗಳು ನಿಂತುಹೋಗುವ ತಂತ್ರಾಂಶದ ಜೊತೆ ಒದ್ದಾಡಬೇಕು. ಹಾಗೆಯೇ ಬಿಟ್ಟರೆ ಎಲ್ಲೋ ಯಾರದೋ ಮೈಗೆ ಕೆಟ್ಟ ರಕ್ತ ಹೋಗಬಹುದು.

ಜೊತೆಗಾರನೊಬ್ಬ ಹೇಳಿದ: “ಆ ಪರೀಕ್ಷೇನೇ ತೆಗೆದು ಹಾಕಿ ಮಾರಾಯ್ರೆ. ಮಿಕ್ಕಿದ್ದೆಲ್ಲ ಸುಮ್ನಿದೆ, ಅದೊಂದೇ ತಾನೇ ಗಲಾಟೆ ಮಾಡೋದು.”

ಪ್ರೋಗ್ರಾಮರ್ ತೆಗೆದ. ಎಲ್ಲವೂ ಪಾಸಾಯಿತು. ಇನ್ನು ಒಂದು ಗುಂಡಿ ಒತ್ತಿದರೆ ಹೊಸ ಆವೃತ್ತಿ ಊರೂರಿಗೆ ಹೋಗುತ್ತದೆ. ಅವನ ಬೆರಳು ಮುಂದಕ್ಕೆ ಹೋಗಲಿಲ್ಲ. ತಟ್ಟೆಯಲ್ಲಿದ್ದ ಊಟ ಆರಿಹೋಯಿತು.

“ಆ ಪರೀಕ್ಷೆ ಸುಳ್ಳು ಹೇಳ್ತಿದೆ ಅಂತ ನಮಗೆ ಹೇಗೆ ಗೊತ್ತು?” ಎಂದು ಜೊತೆಗಾರನನ್ನು ಕೇಳಿದ.

ತೆಗೆದದ್ದನ್ನು ಪ್ರೋಗ್ರಾಮರ್ ಮತ್ತೆ ಸೇರಿಸಿದ. ಮತ್ತೆ ಮತ್ತೆ ಓಡಿಸಿದ. ಈ ಸಲ ಫೇಲಾದ ಪರೀಕ್ಷೆಯನ್ನು ನೋಡಲಿಲ್ಲ. ಅದಕ್ಕೆ ಮೊದಲು ಯಾವುದು ಓಡಿತ್ತು ಎಂದು ನೋಡಿದ. ಫೇಲಾದಾಗಲೆಲ್ಲ ಅದಕ್ಕೆ ಮುಂಚೆ ಓಡಿದ್ದು ಅದೇ ಒಂದು ಪರೀಕ್ಷೆ. ಅದು ಯಾವತ್ತೂ ಫೇಲಾದದ್ದಲ್ಲ. ಅದನ್ನು ಬರೆದವನು ಅವನೇ. ಅದು ಪರೀಕ್ಷಿಸುತ್ತಿದ್ದ ಭಾಗವೂ ಅವನದೇ.

ಆ ಭಾಗ ಹಳೆಯ ವರ್ಷದ ವಿವರ ತೋರಿಸುವಂಥದು. ತೋರಿಸಲು ತಂತ್ರಾಂಶದ ದಿನಾಂಕವನ್ನು ಆ ವರ್ಷಕ್ಕೆ ತಿರುಗಿಸುತ್ತಿತ್ತು. ವಿವರ ಸರಿಯಾಗಿಯೇ ತೋರಿಸುತ್ತಿತ್ತು. ಆಮೇಲೆ ದಿನಾಂಕವನ್ನು ಇಂದಿಗೆ ತಂದಿಡದೆ ಹೊರಟುಬಿಡುತ್ತಿತ್ತು. ಅದರ ಹಿಂದೆ ಬಂದ ಪರೀಕ್ಷೆಗೆ ಕೆಟ್ಟ ರಕ್ತವೂ ತಾಜಾ ಎಂಬ ಉತ್ತರ ಸಿಗುತ್ತಿತ್ತು. ಇದನ್ನು ಹೊರಗೆ ಬಿಟ್ಟಮೇಲೆ ಆಸ್ಪತ್ರೆಯಲ್ಲಿ ಯಾರಾದರೂ ಹಳೆಯ ವಿವರ ತೆಗೆದು ನೋಡಿದ್ದರೆ ಅಲ್ಲಿಯೂ ಅದೇ ಆಗುತ್ತಿತ್ತು. ಅದು ಹೊಳೆದ ಕೂಡಲೇ ಪ್ರೋಗ್ರಾಮರ್ ಆ ಭಾಗವನ್ನು ತೆರೆದ. ಒಂದು ಸಾಲು ಸೇರಿಸಿ ಸರಿಪಡಿಸಿದ. ಗಲಾಟೆ ನಿಂತಿತು.

ಕತೆ ಮುಗಿಯಿತು. ಗುರುಪಾದನಿಗೆ ಸಮಾಧಾನವಾಗಲಿಲ್ಲ.

“ಅದು ಯಂತ್ರದ ಮಾತಾಯಿತು, ಗುರುಗಳೇ. ಚನ್ನವೀರನನ್ನು ಏನು ಮಾಡಲಿ?”

ಗುರುಗಳು ಅಡುಗೆಮನೆಯ ಕಡೆ ಒಮ್ಮೆ ನೋಡಿದರು.

“ಇವತ್ತು ಓಡಿಬರುವಾಗ ಅನ್ನದ ಹಂಡೆ ತೊಳೆದಿಟ್ಟು ಬಂದೆಯಾ?”

ಚನ್ನವೀರ ಬರುವ ಮೊದಲೇ ಹಂಡೆ ತೊಳೆಯಲು ಗುರುಪಾದ ಎದ್ದು ಹೊರಟ.