ಬೀಗತಿಗುಡ್ಡ

ಕಾರೆಹಟ್ಟಿಯ ಬೆನ್ನಿಗೆ ನಿಂತಿರುವ ಬಂಡೆಗಳ ಗುಡ್ಡವನ್ನು ಸುತ್ತಿನ ಹಳ್ಳಿಗಳವರೆಲ್ಲ ಬೀಗತಿಗುಡ್ಡ ಎನ್ನುತ್ತಾರೆ. ಬಳ್ಳಾರಿ ಸೀಮೆಯಲ್ಲಿ ಇಂಥ ಗುಡ್ಡಗಳಿಗೆ ಬರವಿಲ್ಲ. ಯಾರೋ ಪೇರಿಸಿಟ್ಟು ಮರೆತ ಹಾಗೆ ಕಲ್ಲಿನ ಮೇಲೆ ಕಲ್ಲು, ನಡುವೆ ಗವಿ, ಗವಿಯಲ್ಲಿ ಕರಡಿ. ಊರಿನ ಕೊನೆಯ ಮನೆಗೂ ಗುಡ್ಡದ ಬುಡಕ್ಕೂ ನಡುವೆ ಒಂದು ದೊಡ್ಡ ಹುತ್ತವಿದೆ. ಅದರ ಒಂದು ಮಗ್ಗುಲಿಗೆ ಅರಿಸಿನ ಕುಂಕುಮ ಮೆತ್ತಿದೆ, ಇನ್ನೊಂದು ಮಗ್ಗುಲಲ್ಲಿ ಉಗುರಿನಿಂದ ಬಗೆದ ಗುಳಿಗಳಿವೆ. ನೋಡಲು ಬಂದವರು ಮೊದಲು ಕೇಳುವುದು ಕರಡಿ ಎಷ್ಟು ಹೊತ್ತಿಗೆ ಕಾಣಿಸುತ್ತದೆ ಎಂದು. ಎದುರಿಗೆ ಬಾರದಿರಲಿ ಎಂದು ಊರೇ ಕಿವಿ ನೆಟ್ಟಗೆ ಮಾಡಿಕೊಂಡು ಬದುಕುತ್ತಿರುವಾಗ ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಗುಡ್ಡಕ್ಕೆ ಆ ಹೆಸರೇಕೆ ಎಂದು ಕೇಳುವವರು ಕಡಿಮೆ. ಕೇಳಿದವರಿಗೆ ಕೂರಿಸಿಕೊಂಡು ಹೇಳುತ್ತೇನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ ಎನ್ನುತ್ತಾರೆ, ಈ ಊರಿನಲ್ಲಿ ಬೊಮ್ಮಕ್ಕ ಎಂಬಾಕೆ ಇದ್ದಳು. ಅವಳಿಗೆ ಹೊನ್ನಿ ಒಬ್ಬಳೇ ಮಗಳು. ಹೊನ್ನಿಗೆ ಮೊದಲು ಗೊತ್ತಾಗಿದ್ದ ವರ ಮದುವೆಗೆ ಮುಂಚೆಯೇ ತೀರಿಕೊಂಡಿದ್ದ. ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದು ಜನ ಆಡಿಕೊಂಡರು. ಜನರ ಬಾಯಿಗೆ ಬೇರೇನು ಕೆಲಸ? ಎರಡನೆಯ ಸಂಬಂಧ ಕೂಡಿಬಂದಾಗ ಬೊಮ್ಮಕ್ಕನಿಗೆ ಹಿಡಿದ ಕೆಲಸ ಕೈಯಲ್ಲಿ ನಿಲ್ಲದಾಯಿತು. ಇದೂ ತಪ್ಪಿದರೆ ಮಗಳಿಗೆ ಮತ್ತೆ ಗಂಡು ಸಿಗಲಾರದೆಂಬ ಭಯ ಅವಳನ್ನು ಕೂರಲು ಬಿಡುತ್ತಿರಲಿಲ್ಲ. ಹುತ್ತದ ಮಣ್ಣು ತಂದು ಮದುಮಕ್ಕಳು ಕೂರುವ ಹಸೆಜಗುಲಿ ಹಾಕದೆ ಇಲ್ಲಿ ಮದುವೆ ನಡೆಯುವುದಿಲ್ಲ. ಆದರೆ ಹುತ್ತ ನಾಗಪ್ಪನ ಮನೆ. ಅದಕ್ಕೆ ಕಬ್ಬಿಣ ತಾಗಿಸುವಂತಿಲ್ಲ. ಬೇಸಿಗೆಯಲ್ಲಿ ಕಲ್ಲಾಗಿರುವ ಆ ಮಣ್ಣನ್ನು ಹೆಂಗಸರು ಬರಿ ಬೆರಳಿನಿಂದಲೇ ಕೆರೆದು ತರಬೇಕು.

ಮದುವೆಯ ಹಿಂದಿನ ದಿನ, ಬೀಗರು ಬಂದಿಳಿದ ಮೇಲೆ, ಹೆಂಗಸರು ಓಲಗದವರನ್ನು ಮುಂದಿಟ್ಟುಕೊಂಡು ಬುಟ್ಟಿ ಹಿಡಿದು ಹೋದರು. ಹುತ್ತದ ಅರ್ಧ ಭಾಗ ಬಗೆದು ಬಿದ್ದಿತ್ತು. ಮರಿ ಹಾಕಿದ್ದ ಹೆಣ್ಣು ಕರಡಿ ಗೆದ್ದಲಿಗಾಗಿ ಬಂದುಹೋದ ಗುರುತು ಸುತ್ತಲೂ ಮೂಡಿತ್ತು. ಓಲಗ ನಿಂತಿತು. ವರನ ತಾಯಿ ಚೌಡವ್ವ, ನಾಗಪ್ಪನ ಮನೆ ಮುರಿದ ಊರಿನಿಂದ ಹೆಣ್ಣು ತರಲಾರೆ ಎಂದು ಗಾಡಿ ಹೂಡಲು ಹೇಳಿದಳು. ಊರ ಗೌಡನಿಗೆ ಮರ್ಯಾದೆ ಹೋದಂತಾಯಿತು. ಅಪರಾಧ ಮಾಡಿದ ಕರಡಿಯನ್ನು ಕೊಂದರೆ ದೋಷ ಕಳೆಯುತ್ತದೆ, ಸಂಜೆಯವರೆಗೆ ತಡೆಯಿರಿ ಎಂದು ಬೀಗರನ್ನು ಬೇಡಿಕೊಂಡ. ಗಂಡಸರು ಹೋಗಿ ಗವಿಯ ಬಾಯಿಗೆ ಕಲ್ಲು ಪೇರಿಸಿ, ಹೊಗೆ ಹಾಕಲು ಸೌದೆ ತರಲೆಂದು ಹೊರಟರು.

ಆ ಮಧ್ಯಾಹ್ನ ಊರಿನಲ್ಲಿ ಯಾರೂ ಕೂತಲ್ಲಿ ಕೂರಲಿಲ್ಲ. ಕಲ್ಲಿನ ಹಿಂದಿನಿಂದ ಕರಡಿಯ ಗೊರಗೊರ ಸದ್ದು, ಅದರೊಳಗೆ ಮರಿಗಳ ಕೀರಲು ಅಳು. ಚಪ್ಪರದಲ್ಲಿ ಎಲೆ ಹಾಕಿದರೂ ಉಣ್ಣುವವರಿಲ್ಲ. ನಾಯಿಗಳು ಬೊಗಳಲೂ ಒಲ್ಲವು, ಮಲಗಲೂ ಒಲ್ಲವು. ಬೊಮ್ಮಕ್ಕ ಒಳಗೂ ಹೊರಗೂ ತಿರುಗಿ ತಿರುಗಿ ಕೊನೆಗೆ ಹುತ್ತದ ಬಳಿಗೆ ಬಂದಳು. ಅಲ್ಲಿ ಬುಟ್ಟಿ ತುಂಬುವಷ್ಟು ಮಣ್ಣು ಸಡಿಲವಾಗಿ ಬಿದ್ದಿತ್ತು, ಕಬ್ಬಿಣ ತಾಗದ ಮಣ್ಣು. ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತವಳು ಸರಸರ ಗುಡ್ಡ ಹತ್ತಿ, ಗವಿಯ ಬಾಯಿಯ ಕಲ್ಲುಗಳನ್ನು ಕೀಳತೊಡಗಿದಳು. ಚೌಡವ್ವ ಹಿಂದೆಯೇ ಓಡಿಬಂದು ಅವಳ ಕೈ ಹಿಡಿದಳು.

“ನೀವು ಗಾಡಿ ಹೂಡಿದ್ರೂ ಹೂಡ್ರಿ,” ಎಂದಳು ಬೊಮ್ಮಕ್ಕ. “ಆಕಿ ಮಕ್ಕಳ ಹೊಟ್ಟಿಗಂತ ಬಗದಾಳ, ನಾ ಮಗಳ ಮದುವಿಗಂತ ಬಗಿಯಾಕ ಬಂದೀನಿ. ಇಬ್ರೂ ಒಂದ ಮನೀಗೆ ಕೈ ಹಾಕಿದವ್ರು. ಆಕೀನ ಸುಟ್ಟು ನಾ ಹಸೆ ಬರೀಲೇನು?”

ಚೌಡವ್ವ ಹಿಡಿದ ಕೈ ಬಿಟ್ಟು, ತಾನೂ ಬಗ್ಗಿ ಒಂದು ಕಲ್ಲು ಎತ್ತಿದಳು. ದಾರಿ ಬಿಟ್ಟದ್ದೇ ತಡ, ಬೆನ್ನ ಮೇಲೆ ಮರಿಗಳನ್ನು ಹೊತ್ತ ಕರಡಿ ಹೊರಗೆ ನುಗ್ಗಿ, ಹಾಯುವಾಗ ಬೊಮ್ಮಕ್ಕನ ಭುಜವನ್ನು ಸೀಳಿ, ಬಂಡೆ ಹತ್ತಿ ಮರೆಯಾಯಿತು. ಚೌಡವ್ವ ತನ್ನ ಸೆರಗು ಹರಿದು ಗಾಯ ಕಟ್ಟಿದಳು. “ಬೀಗತಿ ಅಂದಮ್ಯಾಲ ಒಂದೇಟರ ಕೊಡದ ಹೋದಾಳೇನವ್ವ?” ಎಂದಳು. ಇಬ್ಬರಿಗೂ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಸೌದೆ ಹೊತ್ತು ಬಂದ ಗಂಡಸರಿಗೆ ಎತ್ತು ಬಿಚ್ಚಲು ಚೌಡವ್ವನೇ ಹೇಳಿದಳು. ಕರಡಿ ಬಗೆದ ಮಣ್ಣಿನ ಹಸೆಯ ಮೇಲೆಯೇ ಹೊನ್ನಿಯ ಮದುವೆಯಾಯಿತು ಎನ್ನುತ್ತಾರೆ.

ಹೊಂದಿಕೊಂಡು ಬಾಳುವುದೆಂದರೆ ನೆಮ್ಮದಿ ಎಂದುಕೊಂಡವರು ಒಂದು ಸಂಜೆ ಇಲ್ಲಿ ಕೂತು ನೋಡಲಿ. ಹೊತ್ತು ಇಳಿಯುತ್ತಲೇ ಮಕ್ಕಳನ್ನು ಒಳಗೆ ಕರೆಯುತ್ತಾರೆ. ಹುತ್ತದ ದಾರಿಯಲ್ಲಿ ದೊಡ್ಡದಾಗಿ ಕೆಮ್ಮುತ್ತಲೇ ನಡೆಯುತ್ತಾರೆ. ಗುಡ್ಡದ ಕಾರೆಹಣ್ಣು ಕರಡಿಯ ಪಾಲೆಂದು ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಬೊಮ್ಮಕ್ಕ ಕಿತ್ತ ಕಲ್ಲುಗಳೆಂದು ಒಂದು ರಾಶಿ ಗವಿಯ ಪಕ್ಕದಲ್ಲಿ ಈಗಲೂ ಬಿದ್ದಿದೆ. ಯಾವ ಮನೆಯ ಗೋಡೆಗೂ ಅದರಲ್ಲೊಂದನ್ನು ಒಯ್ದವರಿಲ್ಲ. ಮದುವೆಯ ಮಣ್ಣನ್ನು ಕರಡಿ ಬಗೆದ ಮಗ್ಗುಲಿನಿಂದಲೇ ತುಂಬುತ್ತಾರೆ. ತುಂಬಿದ ಮೇಲೆ ಮದುಮಗಳ ತಾಯಿ ಗುಡ್ಡದ ಕಡೆ ತಿರುಗಿ, “ಬೀಗತೀ, ನಾಳಿಗೆ ಮದುವಿ ಐತಿ. ಸುದ್ದಿ ಮುಟ್ಟಿಸೀನಿ, ಮನೀತನಕ ಬರಬ್ಯಾಡವ್ವ” ಎಂದು ಕೂಗುತ್ತಾಳೆ. ಹೆಂಗಸರೆಲ್ಲ ನಗುತ್ತಾರೆ. ನಗುತ್ತಲೇ ಬುಟ್ಟಿ ಹೊತ್ತು, ತಿರುತಿರುಗಿ ಗುಡ್ಡವನ್ನು ನೋಡುತ್ತ, ಬೇಗ ಬೇಗ ಮನೆ ಸೇರುತ್ತಾರೆ.