ಎರಡು ಮಡಕೆಯ ಕಷಾಯ

"ಮದ್ದು ಕೊಟ್ಟೆ, ರೋಗಿ ಎದ್ದು ಕೂತ. ಎಬ್ಬಿಸಿದ್ದು ನನ್ನ ಮದ್ದೇ ಎಂದು ತಿಳಿಯುವುದು ಹೇಗೆ, ಗುರುಗಳೇ?"

ಕೇಳಿದವನು ಶಿಷ್ಯ ಮುರಿಗೆಪ್ಪ. ಜ್ವರ ಹಿಡಿದ ಊರಿನಲ್ಲಿ ರೋಗಿಗಳ ಆರೈಕೆ ಮಾಡಿ ಆಗಷ್ಟೇ ಮಠಕ್ಕೆ ಮರಳಿದ್ದ. ದಣಿವಿನಿಂದ ದನಿಯೇ ಏಳುತ್ತಿರಲಿಲ್ಲ. ಗುರು ನಿರ್ವಾಣಯ್ಯನವರು ಒಂದು ಕತೆ ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ಅವನ ಊರಿಗೂ ಜ್ವರ ಬಂತು. ಕಾಡಿನಿಂದ ಒಂದು ಬೇರು ತಂದು, ಕಷಾಯ ಕಾಯಿಸಿ, ಒಬ್ಬ ಕುಂಬಾರನಿಗೆ ಕುಡಿಸಿದ. ಕುಂಬಾರ ಬೆವರಿದ, ಎದ್ದ, ಗಂಜಿ ಕೇಳಿದ. ವೈದ್ಯನಿಗೆ ಹಿಗ್ಗು. ಕರೆದವರ ಮನೆಗೆಲ್ಲ ಹೋಗಿ ಅದನ್ನೇ ಕೊಟ್ಟ. ಆದರೆ ಅದೇ ಜ್ವರದಲ್ಲಿ ಮಲಗಿದ್ದ ಕುಂಬಾರನ ಪಕ್ಕದ ಮನೆಯವನು ಏನನ್ನೂ ಕುಡಿಯದೆ ಎದ್ದು ಓಡಾಡುತ್ತಿದ್ದ. ಅದನ್ನು ಕಂಡಮೇಲೆ ವೈದ್ಯನಿಗೆ ಅನುಮಾನ ಹತ್ತಿತು.

ಗುಣವಾದವರನ್ನು ಹುಡುಕಿ ಹುಡುಕಿ ಕೇಳಿದ. "ನಿಮ್ಮ ಕಷಾಯವೇ ಕಾಪಾಡಿತು" ಎಂದು ಹೆಚ್ಚಿನವರು ಕೈ ಮುಗಿದರು. ಮರಳುವಾಗ ಬಾಗಿಲು ಮುಚ್ಚಿದ ಮನೆಗಳು ಕಂಡವು. ಕುಡಿದೂ ಸತ್ತವರು ಉತ್ತರ ಹೇಳಲು ಇರಲಿಲ್ಲ.

ಆಮೇಲೆ ಕೇರಿಗೆ ಕೇರಿಯನ್ನು ಹೋಲಿಸಿದ. ಕಷಾಯ ಕುಡಿದ ಮೇಲಿನ ಕೇರಿಯಲ್ಲಿ ಸಾವು ಕಡಿಮೆ, ಕುಡಿಯದ ಕೆಳಗಿನ ಕೇರಿಯಲ್ಲಿ ಹೆಚ್ಚು. ಆದರೆ ಮೇಲಿನ ಕೇರಿಯವರಿಗೆ ಹೊಟ್ಟೆ ತುಂಬ ಊಟವಿತ್ತು, ಒಳ್ಳೆಯ ಬಾವಿಯಿತ್ತು. ಉಳಿಸಿದ್ದು ಬೇರೋ, ಬಾವಿಯೋ? ವೈದ್ಯ ಸೋತು ಕೂತ.

ಕೊನೆಗೆ ಎರಡು ಮಡಕೆ ಇಟ್ಟ. ಒಂದರಲ್ಲಿ ಬೇರಿನ ಕಷಾಯ, ಇನ್ನೊಂದರಲ್ಲಿ ಅಷ್ಟೇ ಕಹಿಯಾದ, ಬೇರಿಲ್ಲದ ನೀರು. ಯಾವುದರಲ್ಲಿ ಯಾವುದೆಂದು ಕಾಯಿಸಿದ ಹೆಂಡತಿಗೆ ಮಾತ್ರ ಗೊತ್ತು. ಬಂದವರಿಗೆ ವಿಷಯ ತಿಳಿಸಿ, ಚೀಟಿ ಎತ್ತಿಸಿ, ಚೀಟಿಯಲ್ಲಿ ಬಂದ ಮಡಕೆಯಿಂದ ಕೊಡತೊಡಗಿದ.

ಒಬ್ಬ ತಾಯಿ ಮಗಳನ್ನು ಹೊತ್ತು ತಂದಳು.

"ಚೀಟಿ ಬೇಡ ಅಯ್ಯಾ. ಬೇರಿನದನ್ನೇ ಕೊಡಿ. ನನಗಿರುವುದು ಇವಳೊಬ್ಬಳೇ."

"ಬೇರು ಉಳಿಸುತ್ತದೆಂದು ನನಗೇ ಗೊತ್ತಿಲ್ಲ ತಾಯಿ."

"ಗೊತ್ತಿಲ್ಲದೆಯೇ ಇಷ್ಟು ದಿನ ಊರಿಗೆಲ್ಲ ಕುಡಿಸಿದಿರಾ?"

ವೈದ್ಯ ತಲೆ ತಗ್ಗಿಸಿದ. ಹೆಂಡತಿಯನ್ನು ಕೇಳಿಬಿಡೋಣವೆಂದು ಅವಳತ್ತ ತಿರುಗಿದ. ಕೇಳಲಿಲ್ಲ. ತಾಯಿ ಅಳುತ್ತಲೇ ಚೀಟಿ ಎತ್ತಿದಳು. ಹುಡುಗಿ ಕುಡಿದಳು. ಉಳಿದಳು.

ಊರಿನ ಜ್ವರ ಇಳಿದಮೇಲೆ ಹೆಂಡತಿ ಮಡಕೆಗಳ ಗುಟ್ಟು ಹೇಳಿದಳು. ಬೇರು ಕುಡಿದವರಲ್ಲೇ ಹೆಚ್ಚು ಜನ ಸತ್ತಿದ್ದರು. ಹುಡುಗಿ ಕುಡಿದದ್ದು ಬೇರಿಲ್ಲದ ನೀರು. ಬೇರೆ ಜ್ವರಕ್ಕೆ, ಬೇರೆ ಊರಿಗೆ ಆ ಬೇರು ಒಗ್ಗೀತೋ ಏನೋ, ಅದನ್ನು ಆ ಮಡಕೆಗಳೂ ಹೇಳಲಿಲ್ಲ. ತಾಯಿ ಬಂದು, "ನಿಮ್ಮ ಬೇರು ನನ್ನ ಮಗಳನ್ನು ಉಳಿಸಿತು" ಎಂದು ಕಾಲಿಗೆರಗಿದಳು. ಅವಳು ಹೋದಮೇಲೆ ವೈದ್ಯ ಮಿಕ್ಕ ಬೇರನ್ನೆಲ್ಲ ಒಲೆಗೆ ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅಂತೂ ತಿಳಿಯಿತಲ್ಲ" ಎಂದ ಮುರಿಗೆಪ್ಪ. "ಅವನಿಗೆ ನೆಮ್ಮದಿ ಸಿಕ್ಕಿರಬೇಕು."

"ಚೀಟಿ ಎತ್ತಿಸದೆ ಬೇರು ಕುಡಿಸಿದ್ದ ಮನೆಗಳ ಮುಂದೆಯೇ ಅವನು ದಿನವೂ ಹಾದುಹೋಗಬೇಕಿತ್ತು, ಮುರಿಗೆಪ್ಪ."