ಕೋವಿಯ ಬಾಯಿ ನುಡಿದ ಸಾಕ್ಷಿ

"ಕೇಳಿರಪ್ಪೋ ಕೇಳಿರಿ. ನಮ್ಮ ದೊರೆ ಜಂಬನಾಯಕರ ಕೋವಿ ಗುರಿ ತಪ್ಪುತ್ತಿದೆ. ಅದರ ಗುಟ್ಟನ್ನು ದೊರೆಗಳು ಮೂರು ಒಗಟು ಮಾಡಿ ಕೇಳುತ್ತಾರೆ. ಬಿಡಿಸಿದವರು ಬೇಡಿದ್ದು ಪಡೆಯುತ್ತಾರೆ. ತಪ್ಪಿದವರ ತಲೆ ಸಂಜೆಯೊಳಗೆ ಕೋಟೆಬಾಗಿಲ ಮೇಲೆ."

ಎಮ್ಮೆಗುಡ್ಡದ ಕೋಟೆಯ ಕೆಳಗೆ, ಕಮ್ಮಾರಗೇರಿಯಲ್ಲಿ ಈ ಡಂಗುರ ಬಂದಾಗ ಬನವ್ವ ಕುಡುಗೋಲಿಗೆ ಹಲ್ಲು ಹಾಕುತ್ತಿದ್ದಳು. ಕೆಲಸ ಅರ್ಧಕ್ಕೆ ಬಿಡಲಿಲ್ಲ. ಕೊನೆಯ ಹಲ್ಲು ಮುಗಿಸಿ, ಕೈ ತೊಳೆದು ಎದ್ದಳು.

ಆ ಕೋವಿಯನ್ನು ಮಾಡಿದವನು ಅವಳ ಅಪ್ಪ ಮೌನಾಚಾರಿ. ಎರಡು ವರ್ಷ ಇಟ್ಟ ಗುರಿ ಬಿಡದೆ ಹೊಡೆದ ಕೋವಿ ಮೂರನೆಯ ವರ್ಷ ತಪ್ಪತೊಡಗಿತು. ಕೋವಿಮನೆಯ ಅಧಿಕಾರಿ ಸೂರಪ್ಪ, ಅಂದರೆ ದೊರೆಯ ಹೆಂಡತಿಯ ತಮ್ಮ, "ನಳಿಗೆಯೇ ಸೊಟ್ಟ. ಕಮ್ಮಾರ ಮೋಸ ಮಾಡಿದ್ದಾನೆ" ಎಂದ. ದೊರೆ ಮರುವಿಚಾರಣೆ ಮಾಡಲಿಲ್ಲ, ಮೌನಾಚಾರಿಯ ಬಲಗೈ ಹೆಬ್ಬೆರಳು ಕಡಿಸಿದ. ಗಾಯ ಕೀವಾಗಿ, ತೋಳಿಗೆ ಏರಿ, ಹದಿನಾರನೆಯ ದಿನ ಅವನು ತೀರಿಕೊಂಡ. ಅದಾಗಿ ಮೂರು ವರ್ಷ.

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಒಬ್ಬರನ್ನು ಕೊಟ್ಟದ್ದು ಸಾಲದೇನೆ?"

"ನಾವು ಕೊಡಲಿಲ್ಲ ಅವ್ವ, ಅವರು ಕಿತ್ತುಕೊಂಡರು. ದಾರಿ ಬಿಡು."

ಕೋಟೆಯ ಮುಂದಿನ ಬಯಲಲ್ಲಿ ಜನ ಕಿಕ್ಕಿರಿದಿದ್ದರು. ನೂರು ಹೆಜ್ಜೆ ದೂರದಲ್ಲಿ ಸುಣ್ಣ ಬಳಿದ ಹಲಗೆ, ಅದರ ಮುಂದೆ ಮಡಕೆ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಕೋವಿಯೇ ಹೇಳಬೇಕೆಂದು ದೊರೆಯ ಕಟ್ಟಳೆ. ಅಷ್ಟು ಹೊತ್ತಿಗೆ ಇಬ್ಬರು ಸೋತಿದ್ದರು. ಪರವೂರಿನ ಬಂಟನೊಬ್ಬ ಮದ್ದು ತೇವವಾಗಿದೆ ಎಂದ. ಬಿಸಿಲಲ್ಲಿ ಒಣಗಿಸಿ ಹೊಡೆದರೂ ಮಡಕೆ ಅಲುಗಲಿಲ್ಲ. ಮಂತ್ರವಾದಿಯೊಬ್ಬ ಕೋವಿಗೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕೊಯ್ದ. ಇಬ್ಬರನ್ನೂ ಕೈಕಟ್ಟಿ ಕೂರಿಸಿದ್ದರು. ಮಂತ್ರವಾದಿ ಸದ್ದಿಲ್ಲದೆ ಅಳುತ್ತಿದ್ದ.

ಬನವ್ವ ಮುಂದೆ ಬಂದಳು. ಸೂರಪ್ಪ ನಕ್ಕ. "ಕುಡುಗೋಲು ತಟ್ಟುವವಳಿಗೆ ಕೋವಿಯ ಮಾತೇಕೆ?"

ದೊರೆ ಅವಳನ್ನು ಗುರುತಿಸಲಿಲ್ಲ. ಮೊದಲ ಒಗಟು ಹಾಕಿದ: "ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಹತ್ತು ಮಕ್ಕಳು, ನೋಡಲು ಒಂದೇ ರೂಪು. ಒಬ್ಬ ಹೋದ ದಾರಿಯಲ್ಲಿ ಇನ್ನೊಬ್ಬ ಹೋಗುವುದಿಲ್ಲ. ಯಾಕೆ?"

"ಬುದ್ಧೀ, ರೂಪು ಒಂದೇ, ತೂಕ ಬೇರೆ. ಅಕ್ಕಸಾಲಿಯ ತಕ್ಕಡಿ ತರಿಸಿ."

ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಸೀಸದ ಗುಂಡುಗಳನ್ನು ಅವಳು ಒಂದೊಂದಾಗಿ ತೂಗಿದಳು. ಕೆಲವು ಒಳಗೆ ಗಾಳಿ ಸೇರಿ ಪೊಳ್ಳಾಗಿದ್ದವು. ಅವನ್ನು ಎತ್ತಿ ಎಸೆದು, ಸಮತೂಕದವನ್ನಷ್ಟೇ ಗುರಿಕಾರನ ಕೈಗೆ ಕೊಟ್ಟಳು. ಹಲಗೆಯ ತುಂಬ ಚೆದುರಿ ಬೀಳುತ್ತಿದ್ದ ಗುಂಡುಗಳು ಈಗ ಒಂದು ಮೊರದಗಲಕ್ಕೆ ಬಂದವು. ಮಡಕೆ ಮಾತ್ರ ಒಡೆಯಲಿಲ್ಲ.

ದೊರೆ ಕುಳಿತಲ್ಲೇ ಮುಂದೆ ಬಾಗಿದ. "ಎರಡನೆಯದು. ತಣ್ಣಗಿದ್ದಾಗ ಒಂದು ಮಾತು, ಮೈ ಬಿಸಿಯಾದರೆ ಇನ್ನೊಂದು ಮಾತು. ಅವನನ್ನು ಮಾತು ತಪ್ಪಿಸುವವನು ಯಾರು?"

"ಅವನನ್ನು ಹೊತ್ತವನೇ. ಕೋವಿಯ ಮರ."

ಅವಳು ತೆಳು ಬಟ್ಟೆಯ ಪಟ್ಟಿಯೊಂದನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಎಳೆದಳು. ಅರ್ಧ ದೂರದಲ್ಲಿ ಅದು ಸಿಕ್ಕಿಬಿತ್ತು. "ಮಳೆಗಾಲಕ್ಕೆ ಮರ ಉಬ್ಬಿದೆ. ನಳಿಗೆ ಕಾದಷ್ಟೂ ಇಲ್ಲಿ ಒತ್ತಿ ಓರೆಯಾಗುತ್ತದೆ" ಎಂದು ಉಳಿಯಿಂದ ಆ ಜಾಗವನ್ನು ಹೆರೆದಳು. ಬಟ್ಟೆ ಸಲೀಸಾಗಿ ಜಾರಿತು. ಆಮೇಲೆ ಹೊಡೆದ ಐದು ಗುಂಡೂ ಒಂದು ಅಂಗೈಯಗಲದಲ್ಲಿ ಬಿದ್ದವು, ಆದರೆ ಮಡಕೆಯ ಎಡಕ್ಕೆ.

ಸೂರಪ್ಪ ನಗುವುದನ್ನು ನಿಲ್ಲಿಸಿದ್ದ.

"ಮೂರನೆಯದು" ಎಂದ ದೊರೆ. "ಕಣ್ಣು ಸರಿ, ಕೈ ಸರಿ, ಉಸಿರು ಸರಿ. ಆದರೂ ಕೊನೆಯ ಗಳಿಗೆಯಲ್ಲಿ ಎಡಕ್ಕೆ ತಳ್ಳುವವನು ಯಾರು?"

ಬನವ್ವ ಒಂದು ಎಳೆ ಹತ್ತಿಯನ್ನು ನಳಿಗೆಯ ಬಾಯಿಯ ಸುತ್ತ ಸವರಿದಳು. ಒಂದೇ ಕಡೆ ಎಳೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಸವರಿದರೂ ಅಲ್ಲೇ.

"ಬಾಯಿಯ ಅಂಚು ಇಲ್ಲಿ ಸವೆದಿದೆ. ಗುಂಡು ಹೊರಬೀಳುವಾಗ ಬೆಂಕಿ ಮೊದಲು ಈ ಸಂದಿನಿಂದ ನುಗ್ಗಿ ಅದನ್ನು ಓರೆ ಮಾಡುತ್ತದೆ. ಉತ್ತರ ಇದು, ಕೋವಿಯ ಬಾಯೇ ಸಾಕ್ಷಿ ಹೇಳಿತು. ಸವೆಸಿದವರು ಯಾರು ಅಂತಲೂ ಹೇಳಲೋ?"

"ಹೇಳು."

"ನಳಿಗೆಯೊಳಗೆ ತೂರಿಸಿ ಉಜ್ಜಲು ನಮ್ಮಪ್ಪ ಬಿದಿರಿನ ಗಜಕೋಲು ಕೊಟ್ಟಿದ್ದ. ಈಗ ಉಜ್ಜುವುದು ಯಾವುದರಿಂದ, ಕೇಳಿ."

ಕೋವಿಮನೆಯ ಆಳು ತಲೆ ತಗ್ಗಿಸಿ ಕಬ್ಬಿಣದ ಗಜ ತಂದಿಟ್ಟ. "ಬಿದಿರಿಂದ ಉಜ್ಜಿದರೆ ಹೊತ್ತು ಹಿಡಿಯುತ್ತೆ ಅಂತ ಸೂರಪ್ಪನೋರು ಇದನ್ನ ಕೊಟ್ಟರು, ಬುದ್ಧಿ. ಆವತ್ತೇ ಅಂಚು ತಿಂದದ್ದನ್ನ ಹೇಳಿದೆ. ಬಾಯಿ ಮುಚ್ಚು ಅಂದರು."

ದೊರೆ ಬನವ್ವನ ಮುಖವನ್ನು ಆಗ ಸರಿಯಾಗಿ ನೋಡಿದ. "ನೀನು ಮೌನಾಚಾರಿಯ ಮಗಳು."

"ಹೌದು. ನಳಿಗೆ ಸೊಟ್ಟ ಇರಲಿಲ್ಲ."

"ಏನು ಬೇಕೋ ಬೇಡು."

"ಈ ಇಬ್ಬರ ತಲೆ ಉಳಿಯಲಿ" ಎಂದು ಕೈಕಟ್ಟಿದವರ ಕಡೆ ತೋರಿಸಿದಳು. "ಇನ್ನು ನನ್ನದು. ಸುಳ್ಳು ಹೇಳಿದವರು ಸೂರಪ್ಪನವರು, ಕಡಿಸಿದವರು ನೀವು. ನನಗೆ ಒಂದು ಬಲಗೈ ಹೆಬ್ಬೆರಳು ಸಾಕು. ಯಾರದು ಅಂತ ನೀವೇ ತೀರ್ಮಾನಿಸಿ."

ಸೂರಪ್ಪ "ಭಾವ" ಎಂದ. ದೊರೆ ತನ್ನ ಬಲಗೈಯನ್ನು ನೋಡಿಕೊಂಡ, ಬಹಳ ಹೊತ್ತು. ಆಮೇಲೆ ಅದನ್ನು ಶಾಲಿನೊಳಗೆ ಎಳೆದುಕೊಂಡು, ಸೂರಪ್ಪನ ಕಡೆ ಗದ್ದ ಆಡಿಸಿ ಭಟರಿಗೆ ತೋರಿಸಿದ.

ಬನವ್ವ ಮುಖ ತಿರುಗಿಸದೆ ಕೊನೆಯವರೆಗೂ ನೋಡಿದಳು.

ಹೊರಡುವಾಗ ದೊರೆ ದನಿ ತಗ್ಗಿಸಿ ಕೇಳಿದ: "ವಿಜಯದಶಮಿಗೆ ನೆರೆಯ ಪಾಳೆಯಗಾರರೆಲ್ಲ ಗುರಿಯಾಟಕ್ಕೆ ಬರುತ್ತಾರೆ. ಆ ಅಂಚನ್ನು ಸರಿಮಾಡಿ ಕೊಡುತ್ತೀಯಾ?"

"ಒಗಟು ಬಿಡಿಸಬೇಕು ಅಂತ ಡಂಗುರ ಸಾರಿಸಿದ್ದಿರಿ, ಬಿಡಿಸಿದ್ದೇನೆ. ಅದನ್ನು ಸರಿಮಾಡುವ ಕೈ ನಿಮ್ಮ ಸೀಮೆಯಲ್ಲಿ ಒಂದಿತ್ತು."

ಗುಡ್ಡ ಇಳಿಯುವಾಗ ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಕೂತಳು. ಸಂತೋಷ ಬರಬಹುದೆಂದು ಕಾದಳು, ಬರಲಿಲ್ಲ. ಬಂದದ್ದು ಹಸಿವು. ಮೂರು ವರ್ಷದಲ್ಲಿ ಅಂಥ ಹಸಿವು ಅವಳಿಗೆ ಆಗಿರಲಿಲ್ಲ. ಮನೆಗೆ ಹೋಗಿ ಅವ್ವನ ಮುಂದೆ ತಟ್ಟೆ ಇಟ್ಟುಕೊಂಡು ಎರಡು ಮುದ್ದೆ ಉಂಡಳು. ಅವ್ವ ಮೂರನೆಯದನ್ನು ಬಡಿಸಿದಳು.